ಗರಿಯ ಕಿರೀಟ

ಹೊರಮಾವು, ಭಾನುವಾರ

ಪೂಜ್ಯ ಫಾದರ್ ಅವರಿಗೆ ಲೂರ್ದಮ್ಮಳ ವಂದನೆಗಳು.

ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿಗಾಗಿ ಸುಡಲು ಕಳೆದ ವರ್ಷದ ತೆಂಗಿನ ಗರಿಗಳನ್ನು ತಂದುಕೊಡಿ ಎಂದು ಪೂಜೆಯಲ್ಲಿ ಹೇಳಿದಿರಿ. ಆಮೇಲೆ ನನ್ನ ಹತ್ತಿರ ಬಂದು, ನಿಮ್ಮ ಯಜಮಾನರು ಹೆಣೆದದ್ದು ನಿಮ್ಮಲ್ಲೇ ಇರಲಿ ಎಂದಿರಿ. ಮನೆಗೆ ಬಂದು ಅದನ್ನೇ ನೋಡುತ್ತಾ ಕುಳಿತಿದ್ದೆ.

ಕಳೆದ ವರ್ಷ ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ನೀವೇ ಅವರನ್ನು ರೇಗಿಸಿದ್ದಿರಿ: "ಏನಯ್ಯ ರಾಯಪ್ಪ, ಎಲ್ರೂ ಗರೀಲಿ ಶಿಲುಬೆ ಮಾಡಿದ್ರೆ ನಿಂದೊಂದು ಕಿರೀಟ?"

"ರಾಜ ಬರ್ತಾನೆ ಅಂತ ನೀವೇ ಹಾಡಿಸ್ತೀರಿ ಫಾದರ್. ಬರಿಗೈಲಿ ಹೋಗಕ್ಕಾಗತ್ತಾ?"

ಮೇ ತಿಂಗಳಲ್ಲಿ ಅವರನ್ನು ಮಣ್ಣು ಮಾಡಿದಾಗ, ದೇವರು ನೀತಿವಂತ ಅರಸ, ಆತನ ರಾಜ್ಯಕ್ಕೆ ಕೊನೆಯಿಲ್ಲ ಎಂದಿರಿ. ಕೊನೆಯಿಲ್ಲ ಎಂಬುದನ್ನು ನಂಬುತ್ತೇನೆ. ನೀತಿಯ ವಿಷಯವನ್ನು ದಿನಾ ಆತನನ್ನೇ ಕೇಳುತ್ತಿದ್ದೇನೆ. ಆದರೂ ಅವರು ಆ ಕಿರೀಟ ಹೆಣೆದದ್ದು ಆತನಿಗೆ, ನನಗಲ್ಲ. ಅದಕ್ಕೇ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ಬೇರೆ ಎತ್ತಿಡಬೇಡಿ. ಎಲ್ಲರ ಗರಿಗಳ ಜೊತೆಗೇ ಸುಡಿ. ಬುಧವಾರ ಕೆ.ಆರ್. ಪುರದಲ್ಲಿ ಕೆಲಸ ಮುಗಿಸಿಕೊಂಡು ಸಂಜೆಯ ಪೂಜೆಗೆ ಬರುತ್ತೇನೆ. ನನ್ನ ಹಣೆಗೆ ಬೂದಿಯನ್ನು ಸ್ವಲ್ಪ ದಪ್ಪಗೆ ಹಚ್ಚಿ.

ಇಂತಿ,
ಲೂರ್ದಮ್ಮ ರಾಯಪ್ಪ