ರೇಡಿಯೋನ ಹಾಜರಿ

ಅಡುಗೆಮನೆಯ ಮೇಜಿನಿಂದ
ಹನ್ನೆರಡನೇ ತಾರೀಖು, ಬುಧವಾರ ಮಧ್ಯಾಹ್ನ

ಏನ್ರೀ,

ಕೈ ಹೇಗಿದೆ? ಬೆರಳುಗಳಿಗೆ ಜೀವ ಬಂತೇ, ಇಲ್ಲ ಅಂಗಿಯ ಗುಂಡಿ ಹಾಕಲು ಈಗಲೂ ಎಡಗೈಯನ್ನೇ ಬೇಡಿಕೊಳ್ಳುತ್ತಿದ್ದೀರಾ? ರಾತ್ರಿ ನಿದ್ದೆ ಬರುತ್ತಿದೆಯೇ? ಅಲ್ಲಿಯ ಡಾಕ್ಟರಮ್ಮ ಮಾತ್ರೆ ಕೊಟ್ಟಿರುವುದು ಊಟ ಮಾಡಿ ನುಂಗಲಿಕ್ಕೆ, ಊಟದ ಬದಲಿಗೆ ಅಲ್ಲ. ನಿಮ್ಮ ಬುದ್ಧಿ ನನಗೆ ಗೊತ್ತಿರುವುದರಿಂದ ಬರೆದೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿನೋವು ಹಾಗೆಯೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಸ್ನಾನದ ಮನೆಯ ನಲ್ಲಿ ಮತ್ತೆ ಸೋರುತ್ತಿದೆ. ನೀವು ಬಂದು ರಿಪೇರಿ ಮಾಡುತ್ತೀರೆಂದು ಕೆಳಗೆ ಬಕೆಟ್ ಇಟ್ಟು ಕಾಯುತ್ತಿದ್ದೇನೆ.

ಆ ಚೇತರಿಕೆ ಕೇಂದ್ರದೊಳಗೆ ಫೋನ್ ಬಿಡುವುದಿಲ್ಲ, ಪತ್ರ ಮಾತ್ರ ಬರೆಯಬಹುದು ಎಂದು ನೀವು ಹೊರಡುವಾಗ ಹೇಳಿದ್ದಿರಿ. ನನಗೆ ಒಳಗೊಳಗೇ ಖುಷಿಯಾಗಿತ್ತು. ಬಾಯಿ ಬಿಡದ ಗಂಡ ಕಾಗದದಲ್ಲಾದರೂ ನಾಲ್ಕು ಮಾತಾಡುತ್ತಾನೆ ಎಂಬ ಆಸೆ. ಬಂದದ್ದು ಎರಡು ಪತ್ರ. ಒಂದರಲ್ಲಿ ‘ಬಂದು ತಲುಪಿದೆ’, ಇನ್ನೊಂದರಲ್ಲಿ ‘ಸ್ವೆಟರ್ ಕಳಿಸು’. ಮಾಜಿ ಸೈನಿಕರ ಭವನದ ಅಧ್ಯಕ್ಷರಿಗೆ ಮಾತ್ರ ಪುಟಗಟ್ಟಲೆ ಬರೆದಿದ್ದೀರಂತೆ. ಚಿಕಿತ್ಸೆ ಮುಗಿದ ಮೇಲೂ ಅಲ್ಲೇ ಉಳಿದುಬಿಡುತ್ತೇನೆ, ಹೊಸದಾಗಿ ಬರುವ ಸೈನಿಕರಿಗೆ ಜೊತೆಗಾರನಾಗಿ ಇರುತ್ತೇನೆ, ಒಂದು ಮಾತು ಹಾಕಿ ಎಂದು ಕೇಳಿದ್ದೀರಂತೆ. ಹೌದು, ಗೊತ್ತಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಭವನದ ಸ್ಮರಣೆಯ ದಿನ ಏನಾಯಿತು ಎಂದು ಬರೆಯುತ್ತೇನೆ. ಬೇರೆಯವರ ಬಾಯಿಂದ ಉಪ್ಪುಖಾರ ಹಚ್ಚಿಕೊಂಡು ನಿಮಗೆ ತಲುಪುವ ಮೊದಲು ನನ್ನಿಂದಲೇ ತಲುಪಲಿ.

ಅದಕ್ಕೂ ಮೊದಲು ಒಂದು ಹಳೆಯ ವಿಷಯ. ಹೋದ ಚಳಿಗಾಲ ನೀವು ಮಫ್ಲರ್ ಮರೆತು ಮಾಜಿ ಸೈನಿಕರ ಭವನಕ್ಕೆ ಹೋಗಿದ್ದಿರಿ. ಕೊಟ್ಟು ಬರೋಣವೆಂದು ನಾನು ಹಿಂದೆಯೇ ಬಂದೆ. ಕಿಟಕಿಯ ಹತ್ತಿರ ಬಂದಾಗ ಒಳಗೆ ಯಾರೋ ಕಥೆ ಹೇಳುತ್ತಿದ್ದರು, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಕಡ್ಡಿ ಎಂಬ ಸೈನಿಕ ಅಧಿಕಾರಿಯ ಚಹಾಕ್ಕೆ ಉಪ್ಪು ಹಾಕಿ, ಕೊನೆಗೆ ಆ ಚಹಾವನ್ನು ತಾನೇ ಕುಡಿಯಬೇಕಾಗಿ ಬಂದ ಕಥೆ. ಎಷ್ಟು ಸೊಗಸಾಗಿ ಹೇಳುತ್ತಾನಪ್ಪ ಈ ಮನುಷ್ಯ, ಇವನ ಹೆಂಡತಿ ಪುಣ್ಯ ಮಾಡಿದ್ದಳು ಅಂದುಕೊಂಡು ಇಣುಕಿ ನೋಡಿದರೆ, ನೀವು. ನನ್ನನ್ನು ಕಂಡಿದ್ದೇ ತಡ ಕಥೆ ನಿಂತುಹೋಯಿತು. ಮಫ್ಲರ್ ತೆಗೆದುಕೊಂಡು ‘ಹೂಂ’ ಅಂದಿರಿ. ಅಲ್ಲಿ ನಿಮ್ಮನ್ನು ‘ರೇಡಿಯೋ’ ಎಂದು ಕರೆಯುತ್ತಾರೆ ಎನ್ನುವುದು ನನಗೆ ಗೊತ್ತಾದದ್ದು ಅವತ್ತು. ಬೋಳುತಲೆಯವನನ್ನು ಜಡೆಯಪ್ಪ ಎಂದು ಕರೆಯುವ ಹಾಗೆ ತಮಾಷೆಗೆ ಇಟ್ಟಿರಬೇಕು ಎಂದುಕೊಂಡೆ. ಅಲ್ಲವಂತೆ. ಸೈನ್ಯಕ್ಕೆ ಸೇರಿದ ದಿನದಿಂದ ನೀವು ಬಾಯಿ ಮುಚ್ಚಿದ್ದೇ ಇಲ್ಲವಂತೆ. ಮನೆಗೆ ಸಿಕ್ಕಿದ್ದು ಮಾತ್ರ ಬ್ಯಾಟರಿ ತೆಗೆದ ರೇಡಿಯೋ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಸುಮ್ಮನೆ ಅಂದಿಲ್ಲ ಹಿರಿಯರು. ಆವತ್ತು ದಾರಿಯುದ್ದಕ್ಕೂ ನನಗೆ ಹೊಟ್ಟೆ ಉರಿಯಿತು. ಆ ಭವನದ ಮೇಲೆ, ಆ ನಗುವಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಕಡ್ಡಿಯ ಮೇಲೆ. ಬದುಕಿರುವ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಗಡಿಯಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಪ್ರಾಣ ಬಿಟ್ಟವನ ಜೊತೆ ನಾನು ಹೇಗೆ ಜಗಳವಾಡಲಿ? ನಿಮ್ಮ ಪರ್ಸಿನಲ್ಲಿ ಇರುವುದೂ ಅವನ ಫೋಟೋ. ನನ್ನದು ನೆಪಕ್ಕೆ ಕೂಡ ಇಲ್ಲ.

ಈಗ ಸುದ್ದಿಗೆ ಬರುತ್ತೇನೆ. ನಿಮ್ಮ ಭವನದ ಪದ್ಧತಿ ನಿಮಗೇ ಗೊತ್ತಿದೆ, ನನಗೆ ಅದು ಸರಿಯಾಗಿ ಅರ್ಥವಾದದ್ದು ಈ ಸಲ. ಸ್ಮರಣೆಯ ದಿನ ಕಹಳೆ ಊದಿದ ಮೇಲೆ ಅಧ್ಯಕ್ಷರು ತುಕಡಿಯ ಹಾಜರಿ ಕರೆಯುತ್ತಾರೆ, ಅದೂ ಸೈನ್ಯದಲ್ಲಿಟ್ಟ ಅಡ್ಡಹೆಸರಿನಲ್ಲಿ. ಬದುಕಿರುವವನು ತಾನೇ ಎದ್ದು ‘ಹಾಜರ್’ ಅನ್ನುತ್ತಾನೆ. ತೀರಿಹೋದವನ ಹೆಸರು ಬಂದರೆ, ಪಹರೆಯಲ್ಲಿ ಅವನ ಜೋಡಿಯಾಗಿದ್ದವನು ಎದ್ದು ಅವನ ಪರವಾಗಿ ಓಗೊಡುತ್ತಾನೆ. ಬದುಕಿದ್ದೂ ಬಾರದವನಿಗೆ ಯಾರೂ ಓಗೊಡುವಂತಿಲ್ಲ, ಓಗೊಟ್ಟರೆ ಅವನು ತೀರಿಹೋದ ಎಂದೇ ಲೆಕ್ಕ. ಸುಮ್ಮನಿರಬೇಕು. ಅಧ್ಯಕ್ಷರು ‘ರಜೆ’ ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ಕಡ್ಡಿಗೆ ಪ್ರತಿ ವರ್ಷ ಓಗೊಡುತ್ತಿದ್ದವರು ನೀವು. ಈ ಸಲ ನೀವಿಲ್ಲವಲ್ಲ, ನಿಮ್ಮ ಜಾಗದಲ್ಲಿ ನಾನು ನಿಲ್ಲಬೇಕೆಂದು ಅಧ್ಯಕ್ಷರು ನಮ್ಮ ಕನ್ನಡಕದ ಅಂಗಡಿಗೇ ಬಂದು ಕೇಳಿದರು. ‘ಅವನ ಅರ್ಧಾಂಗಿ ಅಲ್ವೇನಮ್ಮಾ, ನೀನಿದ್ರೆ ಅವನಿದ್ದ ಹಾಗೇ’ ಅಂದರು. ನಾನು ದೊಡ್ಡ ಮನಸ್ಸಿನವಳ ಹಾಗೆ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಆ ಜಾಗದಲ್ಲಿ ಒಂದು ಚೂರಾದರೂ ನನ್ನ ಕೈಗೆ ಸಿಕ್ಕಿತಲ್ಲ ಎಂದು ಹಿಗ್ಗಿದೆ. ಗಿರಾಕಿಗಳು ಇಲ್ಲದಾಗ ಕನ್ನಡಕ ಹಾಕಿ ನೋಡುವ ಕನ್ನಡಿಯ ಮುಂದೆ ನಿಂತು ‘ಹಾಜರ್’ ಎನ್ನುವುದನ್ನು ಅಭ್ಯಾಸ ಕೂಡ ಮಾಡಿದೆ.

ಅದೇ ವಾರ ಭವನದವರು ಸೈನಿಕರ ಮನೆಮಂದಿಗೆಲ್ಲ ಉಚಿತ ಕಣ್ಣಿನ ಪರೀಕ್ಷೆ ಇಟ್ಟುಕೊಂಡಿದ್ದರು. ಕನ್ನಡಕ ಕೊಡುವ ಕೆಲಸ ನಮ್ಮ ಅಂಗಡಿಯದು, ಅಂದರೆ ನನ್ನದು. ಕಡ್ಡಿಯ ಹೆಂಡತಿ ಬಂದಳು. ಹೊಲಿಗೆ ಕೆಲಸದವಳಲ್ಲವೇ, ಸೂಜಿಗೆ ದಾರ ಹೋಗುತ್ತಿಲ್ಲವಂತೆ. ಅವಳನ್ನು ನಾನು ಸಮಾರಂಭಗಳಲ್ಲಿ ದೂರದಿಂದ ನೋಡಿದ್ದೆ ಅಷ್ಟೆ. ವಿಧವೆಯರಿಗೆ ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿ ಹಾಕುತ್ತಾರೆ, ಗಂಡ ಬದುಕಿರುವ ನಮಗೆ ಹಿಂದೆ ಮರದ ಬೆಂಚು. ಹತ್ತಿರದಿಂದ ನೋಡಿದರೆ ಅವಳ ಕಣ್ಣುಗಳು ಬಹಳ ಚೆನ್ನಾಗಿವೆ. ನೀವು ತಿಂಗಳಿಗೊಮ್ಮೆ ಅವಳ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದುದು ನೆನಪಾಯಿತು. ನಮ್ಮಲ್ಲಿದ್ದ ಅತಿ ದಪ್ಪದ, ಅತಿ ಅಗಲದ ಕಪ್ಪು ಫ್ರೇಮನ್ನೇ ಹುಡುಕಿ ಅವಳ ಮೂಗಿನ ಮೇಲೆ ಕೂರಿಸಿದೆ. ಹಾಳಾದ್ದು, ಅದೂ ಅವಳಿಗೆ ಒಪ್ಪಿತು.

ಫ್ರೇಮಿನ ಕಿವಿಯ ಹಿಂದಿನ ತುದಿಯನ್ನು ನಾನು ಬಗ್ಗಿಸುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು. ‘ಅಕ್ಕಾ, ಈ ಸಲ ನಿಮ್ಮವ್ರು ಇಲ್ವಲ್ಲ. ನನ್ನ ಗಂಡನ ಹೆಸರಿಗೆ ನಾನೇ ಓಗೊಡ್ಲಾ? ಇಷ್ಟು ವರ್ಷದಲ್ಲಿ ಒಂದ್ಸಲಾನೂ ಬಿಟ್ಟಿಲ್ಲ ನನ್ನ.’ ನಾನು ಕೇಳಿಸದವಳಂತೆ ಸ್ಕ್ರೂ ತಿರುಗಿಸುತ್ತಿದ್ದೆ. ‘ನಿಮ್ಮವ್ರು ಒಳ್ಳೆಯವ್ರೇ, ಇಲ್ಲ ಅನ್ನಲ್ಲ. ಆದ್ರೆ ಅವ್ರು ಎದೆಯುಬ್ಬಿಸಿ ಎದ್ದು ನಿಂತಾಗೆಲ್ಲ ನನಗೆ ಮೈ ಉರಿಯುತ್ತೆ. ನಮ್ಮವ್ರ ಕಥೆಗಳೆಲ್ಲ ನಿಮ್ಮವ್ರ ಹತ್ರಾನೇ ಇವೆ. ಸತ್ತಮೇಲೂ ಅವ್ರು ನಿಮ್ಮವ್ರ ಜೋಡೀನೇ, ನನ್ನ ಜೋಡಿಯಲ್ಲ.’ ನಾನು ಇಷ್ಟು ದಿನ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಉರಿಯನ್ನೇ ಇವಳು ಎದುರು ಕೂತು ಸಲೀಸಾಗಿ ಹೇಳಿಬಿಟ್ಟಳಲ್ಲ. ಅವಳ ಗಂಡನ ಮೇಲೆ ನನಗೆ ಹೊಟ್ಟೆಕಿಚ್ಚು, ನನ್ನ ಗಂಡನ ಮೇಲೆ ಅವಳಿಗೆ. ನನಗೆ ನಗು ಬಂತು, ಅವಳಿಗೂ ಬಂತು. ಓಗೊಡುವುದನ್ನು ಅವಳಿಗೆ ಬಿಟ್ಟುಕೊಟ್ಟೆ. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟೆ ಎಂಬುದನ್ನೂ ಬರೆದುಬಿಡುತ್ತೇನೆ. ಫ್ರೇಮ್ ಮಾತ್ರ ಬದಲಾಯಿಸಿಕೊಡಲಿಲ್ಲ.

ಸ್ಮರಣೆಯ ದಿನ ಬೆಳಿಗ್ಗೆ ಭವನದ ಬಾಗಿಲಲ್ಲಿ ಅಧ್ಯಕ್ಷರು ಎಲ್ಲರ ಎದೆಗೂ ಕಾಗದದ ಹೂವು ಚುಚ್ಚುತ್ತಿದ್ದರು. ನನಗೆ ಚುಚ್ಚುತ್ತಾ, ಇವತ್ತು ಬಿಸಿಲು ಜಾಸ್ತಿ ಎನ್ನುವಷ್ಟು ಹಗುರವಾಗಿ ಅಂದರು. ‘ಅವನು ಅಲ್ಲೇ ಉಳೀತೀನಿ ಅಂತ ಬರೆದಿದ್ದಾನಲ್ಲಮ್ಮಾ. ಒಳ್ಳೇ ಕೆಲಸ ಬಿಡು. ಹೊಸ ಹುಡುಗ್ರು ಅವನ ಮುಂದೆ ಮಾತ್ರ ಬಾಯಿ ಬಿಡ್ತಾರಂತೆ.’ ಆಮೇಲೆ ನನ್ನ ಮುಖ ನೋಡಿ, ‘ನಿನಗೆ ಬರೀಲಿಲ್ವಾ?’ ಅಂದರು. ಬರೆದಿದ್ದಾರೆ, ಬರೆದಿದ್ದಾರೆ ಅಂದೆ. ಮಾನ ಉಳಿಸಿಕೊಳ್ಳಬೇಕಲ್ಲ. ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಕಹಳೆ ಊದಿದರು, ಎಲ್ಲರೂ ತಲೆ ತಗ್ಗಿಸಿ ನಿಂತರು. ಮೌನದಲ್ಲಿ ಎಲ್ಲರೂ ಸತ್ತವರನ್ನು ನೆನೆಯುತ್ತಿದ್ದರೆ ನಾನು ಬದುಕಿರುವವರೊಬ್ಬರನ್ನು ಮನಸಾರೆ ಬೈಯುತ್ತಿದ್ದೆ.

ಹಾಜರಿ ಶುರುವಾಯಿತು. ‘ಕಡ್ಡಿ’ ಎಂದು ಕರೆದಾಗ ಅವಳು ಎದ್ದಳು. ಮೂಗಿನ ಮೇಲೆ ಅದೇ ದಪ್ಪ ಕನ್ನಡಕ. ಧ್ವನಿ ಹೊರಡುವುದಿಲ್ಲವೇನೋ ಎಂದು ನನಗೇ ಭಯವಾಯಿತು. ‘ಹಾಜರ್’ ಅಂದಳು ನೋಡಿ, ಕಿಟಕಿಯ ಗಾಜು ಅದುರುವ ಹಾಗೆ. ಕೂತಾಗ ಅವಳ ಮುಖ ಮದುವಣಗಿತ್ತಿಯ ಹಾಗಿತ್ತು. ಆಗ ನನಗೆ ಆದ ಹೊಟ್ಟೆಕಿಚ್ಚು ಹಿಂದೆ ಎಂದೂ ಆಗಿರಲಿಲ್ಲ. ಅವಳ ಗಂಡ ಅವಳಿಗೆ ವಾಪಸ್ ಸಿಕ್ಕಿದ್ದ. ಅಷ್ಟರಲ್ಲಿ ಅಧ್ಯಕ್ಷರು ‘ರೇಡಿಯೋ’ ಎಂದು ಕರೆದರು. ಎಲ್ಲರೂ ಸುಮ್ಮನಿದ್ದರು, ಅವರು ‘ರಜೆ’ ಎನ್ನಲು ಬಾಯಿ ತೆರೆದರು. ನಾನು ಎದ್ದು ನಿಂತು ‘ಹಾಜರ್’ ಅಂದುಬಿಟ್ಟೆ. ಬಾಯಿ ತಪ್ಪಿತು ಕಣ್ರೀ, ಏನು ಮಾಡಲಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೈನಿಕರ ಸಾಲಿನಲ್ಲಿ ಒಬ್ಬರು ಟೋಪಿ ತೆಗೆದರು. ಅವರನ್ನು ನೋಡಿ ಇನ್ನೊಬ್ಬರು, ಆಮೇಲೆ ಎಲ್ಲರೂ. ನಿಮ್ಮ ತುಕಡಿಯ ಹಳೆಯ ಅಡುಗೆಯವರು ಅಲ್ಲೇ ಕರವಸ್ತ್ರ ಹಿಡಿದು ಅಳತೊಡಗಿದರು. ಇಲ್ಲ, ಬದುಕಿದ್ದಾರೆ, ಸ್ವೆಟರ್ ಕೇಳಿದ್ದಾರೆ ಎಂದು ನಾನು ಹೇಳುತ್ತಿದ್ದರೂ ಕಹಳೆಯವನು ಊದಲು ಶುರು ಮಾಡಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ವಿವರಿಸಿದೆ. ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಪಕ್ಕದ ಮನೆಯವರು ಹೂಗುಚ್ಛ ಹಿಡಿದು ಅತ್ತೆಯವರ ಮುಂದೆ ನಿಂತಿದ್ದರಂತೆ. ನಾನು ಓಡಿಬಂದರೆ ಅತ್ತೆಯವರು ಆ ಹೂವನ್ನು ನೀರಿನ ಜಗ್ಗಿನಲ್ಲಿಟ್ಟು ಬಟಾಣಿ ಬಿಡಿಸುತ್ತಾ ಕೂತಿದ್ದರು. ‘ಅವನಿಗೇನಾದ್ರೂ ಆಗಿದ್ರೆ ಮೊದಲು ನನಗೆ ಗೊತ್ತಾಗ್ತಿತ್ತು, ನಿನಗಲ್ಲ’ ಅಂದರು. ಅದಕ್ಕೂ ನನಗೆ ಹೊಟ್ಟೆ ಉರಿಯಿತು ಎಂದರೆ ನಂಬುತ್ತೀರಾ?

ಸಂಜೆ ಅಧ್ಯಕ್ಷರ ಹತ್ತಿರ ಹೋಗಿ ಬಾಯಿ ತಪ್ಪಿತು, ದಯವಿಟ್ಟು ಸರಿಪಡಿಸಿ ಎಂದು ಕೇಳಿದೆ. ಅವರು ಮೀಸೆಯೊಳಗೆ ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ‘ಒಬ್ಬನ ಹೆಸರಿಗೆ ಇನ್ನೊಬ್ರು ಓಗೊಟ್ಟ ಮೇಲೆ ಮುಗೀತಮ್ಮಾ. ಅದನ್ನ ಅಳಿಸೋ ಅಧಿಕಾರ ನನಗಿಲ್ಲ. ಅವನೇ ಬರ್ಬೇಕು, ಎಲ್ಲರ ಮುಂದೆ ನಿಂತು ತನ್ನ ಬಾಯಲ್ಲೇ ಹಾಜರ್ ಅನ್ಬೇಕು’ ಅಂದರು. ಗೋಡೆಯ ಮೇಲೆ ನಿಮ್ಮೆಲ್ಲರ ಚಹಾದ ಮಗ್ಗುಗಳು ತೂಗುತ್ತವಲ್ಲ, ಅವುಗಳಲ್ಲಿ ನಿಮ್ಮದನ್ನು ತಿರುಗಿಸಿ, ತೀರಿಹೋದವರ ಮಗ್ಗಿನ ಹಾಗೆ ಹಿಡಿಕೆಯನ್ನು ಗೋಡೆಯ ಕಡೆಗೆ ಮಾಡಿದರು. ಅದಕ್ಕೆಂದೇ ಈ ತಿಂಗಳ ಕೊನೆಯ ಭಾನುವಾರ ಇನ್ನೊಂದು ಹಾಜರಿ ಇಟ್ಟಿದ್ದಾರಂತೆ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ನೂರು ವರ್ಷ ಬಾಳು ಎಂದು ಎರಡೆರಡು ಸಲ ಹೇಳಿ ಬರೆಸಿದ್ದಾರೆ. ಕಡ್ಡಿಯ ಹೆಂಡತಿಯೂ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ, ತಿಳಿಸಿದ್ದೇನೆ. ಸ್ವೆಟರ್ ಬೇರೆ ಪಾರ್ಸೆಲ್‌ನಲ್ಲಿ ಬರುತ್ತಿದೆ. ಮೊಣಕೈ ಹತ್ತಿರ ಹೊಲಿದಿದ್ದೇನೆ. ಮೈ ಕಡೆ ನೋಡಿಕೊಳ್ಳಿ.

ನಿಮ್ಮ
ಮನೆಯವಳು

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬಾಯಿ ತಪ್ಪಿತು ಎಂದು ಅಧ್ಯಕ್ಷರಿಗೆ ಹೇಳಿದ್ದೂ ಸುಳ್ಳು, ಮೇಲೆ ನಿಮಗೆ ಬರೆದದ್ದೂ ಸುಳ್ಳು. ಬೇಕೆಂದೇ ಹೇಳಿದೆ. ನೀವು ಅಲ್ಲೇ ಉಳಿದರೆ ಅವರು ಪ್ರತಿ ವರ್ಷ ‘ರಜೆ’ ಎನ್ನುತ್ತಾರೆ, ನಾನು ರಜೆಯಲ್ಲಿರುವವರ ಹೆಂಡತಿಯಾಗಿಯೇ ಮುದುಕಿಯಾಗುತ್ತೇನೆ. ಅದು ನನ್ನಿಂದ ಆಗುವುದಿಲ್ಲ. ಮನೆಯಲ್ಲಿ ಮಾತಾಡಿ ಎಂದು ಇನ್ನು ಪೀಡಿಸುವುದಿಲ್ಲ. ಕಥೆಗಳನ್ನೆಲ್ಲ ಅಲ್ಲಿಯವರಿಗೇ ಹೇಳಿ ಮುಗಿಸಿ, ‘ಹೂಂ’ ಮಾತ್ರ ಉಳಿಸಿಕೊಂಡು ಬಂದರೂ ಸಾಕು. ಬರುವುದಿಲ್ಲ ಎಂದಾದರೆ ಅದನ್ನಾದರೂ ನಿಮ್ಮ ಕೈಯಾರೆ ನನಗೆ ಬರೆಯಿರಿ. ಅಧ್ಯಕ್ಷರಿಗಲ್ಲ, ನನಗೆ.