ಅತಿ ಸಿಹಿ ಎಂದು ಬರೆದವಳು

ಲಾ ಪಲ್ಮೀತಾ, ಉಯಿಲಾ
ಫೆಬ್ರವರಿ ೯, ಸೋಮವಾರ

ಪ್ರೀತಿಯ ನೊಯೆಮಿ,

ಐದು ವರ್ಷಗಳ ಮೇಲೆ ನನ್ನ ಕೈಬರಹ ಕಂಡು ಲಕೋಟೆಯನ್ನು ಬ್ರೆಡ್ಡಿನ ಒಲೆಗೆ ಎಸೆಯದೆ ಓದುತ್ತಿದ್ದೀಯ ಎಂದಾದರೆ ನನ್ನ ಅರ್ಧ ಭಾರ ಇಳಿದಂತೆ. ಕಾಲಿ ನಗರದಲ್ಲಿ ನೀನಿರುವ ಬೇಕರಿಯ ವಿಳಾಸ ಕೊಟ್ಟವನು ನಿನ್ನ ಅಣ್ಣ ಆರ್ಸೆಸಿಯೊ. ಕೊಡುವಾಗಲೇ, "ಅವಳು ಉತ್ತರ ಬರೀತಾಳೆ ಅಂತ ಮಾತ್ರ ಕಾಯ್ಬೇಡ" ಎಂದ. ಕಾಯುವುದಿಲ್ಲ. ಬರೆಯುವುದಷ್ಟೇ ನನ್ನ ಕೆಲಸ.

ನೀನು ಊರು ಬಿಡುವ ಮೊದಲು ಸಹಕಾರ ಸಂಘದ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ್ದು ಅಕ್ಷರ ಬಿಡದಂತೆ ನೆನಪಿದೆ.

"ನಿಮ್ಮಪ್ಪನ ಕಾಫಿ ಗೆಲ್ಲಿಸೋಕೆ ನನ್ನ ಕಾಫಿ ಬಗ್ಗೆ ಏನು ಬರೆದೆ, ಹೇಳೇ."

"ಹೊಗಳಿ ಬರೆದಿದ್ದೀನಿ ಕಣೇ. ಅಮ್ಮನಾಣೆ."

"ಹೊಗಳಿದ್ರೆ ಆ ಇಂಗ್ಲೆಂಡಿನೋನು ಯಾಕೆ ಬೇಡ ಅಂದ? ಅವನಿಗೇನು ಹುಚ್ಚಾ?"

ಆ ವರ್ಷ ಆಯ್ಕೆಯಾದದ್ದು ಅಪ್ಪನ ಕಾಫಿ. ನಿನ್ನ ಕಾಫಿ ಎಲ್ಲರ ಕಾಫಿಯ ಜೊತೆ ಒಂದೇ ರಾಶಿಗೆ ಬಿತ್ತು. ಮರುವಾರ ನೀನು ಬಸ್ಸು ಹತ್ತಿದೆ. ಮಾಡದ ತಪ್ಪಿಗೆ ನನ್ನನ್ನು ದೂರಿದಳಲ್ಲ ಎಂದು ನಾಲ್ಕು ವರ್ಷ ನಾನೂ ಬಿಗಿದುಕೊಂಡೇ ಇದ್ದೆ. ನಿನ್ನ ಹೆಸರು ಯಾರಾದರೂ ಎತ್ತಿದರೆ ಮಾತು ಬದಲಿಸುತ್ತಿದ್ದೆ.

ನಡೆದದ್ದನ್ನು ಈಗ ಹೇಳುತ್ತೇನೆ. ಇಂಗ್ಲೆಂಡಿನ ಖರೀದಿದಾರ ಹಾರ್‌ಗ್ರೀವ್ಸ್ ಆ ವರ್ಷ ಆರು ಮಾದರಿಗಳ ರುಚಿಯ ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಕೇಳಿದ್ದ. ಅದನ್ನು ಓದಿ ಒಂದನ್ನು ಆರಿಸುತ್ತೇನೆ, ಆ ಕಾಫಿ ಬೆಳೆದವರ ಹೆಸರಿನಲ್ಲೇ ಮಾರುತ್ತೇನೆ ಎಂದಿದ್ದ. ಸಂಘದಲ್ಲಿ ರುಚಿ ನೋಡುವವಳೂ ನಾನೇ, ಇಂಗ್ಲಿಷ್ ಬಲ್ಲವಳೂ ನಾನೇ. ಬಲ್ಲವಳು ಎಂದರೆ ನೇವಾ ನಗರದಲ್ಲಿ ಆರು ತಿಂಗಳು ಸಂಜೆ ತರಗತಿಗೆ ಹೋಗಿದ್ದೆ, ಅಷ್ಟೇ. ನಿನ್ನ ಬಟ್ಟಲಿನಿಂದ ಒಂದು ಚಮಚ ಹೀರಿದವಳು ಹಾಗೇ ನಿಂತುಬಿಟ್ಟೆ. ಸೀಬೆಹಣ್ಣು, ಮಲ್ಲಿಗೆ, ಆಮೇಲೆ ಬೆಲ್ಲ. ಅಂಥ ಕಾಫಿಯನ್ನು ನಾನು ಅದಕ್ಕೆ ಮೊದಲು ಕುಡಿದಿರಲಿಲ್ಲ.

ನಮ್ಮ ಕಡೆಯ ಮಾತು ನಿನಗೆ ಗೊತ್ತಲ್ಲ. ಮಗು ಚೆಂದವಿದ್ದರೆ ಅತಿ ಚೆಂದ, ಸಾರು ರುಚಿಯಾಗಿದ್ದರೆ ಅತಿ ರುಚಿ. ಅದೇ ಅತಿಯನ್ನು ನಾನು ಇಂಗ್ಲಿಷಿಗೆ ಹಾಕಿದೆ. ವೆರಿ ಎನ್ನುವುದು ತೀರಾ ಬಡಕಲು ಪದ ಅನ್ನಿಸಿ, ನಿನ್ನ ಕಾಫಿಗೆ ‘ಟೂ ಸ್ವೀಟ್’ ಎಂದು ಬರೆದೆ. ಕೊನೆಯಲ್ಲಿ, ಎಲ್ಲಕ್ಕಿಂತ ಇದನ್ನೇ ನಾನು ಬಲವಾಗಿ ಬಯಸುತ್ತೇನೆ ಎಂದು ಹೇಳಬೇಕಿತ್ತು. ಹಾರ್ಡ್ ಎಂದರೆ ಗಟ್ಟಿ, ಅದಕ್ಕೊಂದು ಬಾಲ ಅಂಟಿಸಿದರೆ ಗಟ್ಟಿಯಾಗಿ ಎಂದಾಗುತ್ತದೆ ಎಂದುಕೊಂಡು ‘ಐ ಹಾರ್ಡ್ಲಿ ಪ್ರಿಫರ್ ದಿಸ್ ಕಾಫಿ’ ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದೆ. ಅಪ್ಪನ ಕಾಫಿಗೆ ಮಾತ್ರ, ಮಗಳು ಪಕ್ಷಪಾತ ಮಾಡಿದಳು ಎನ್ನಬಾರದೆಂದು, ಬರೀ ‘ವೆರಿ ಗುಡ್’ ಎಂದು ಬರೆದು ಸುಮ್ಮನಾದೆ.

ಕಳೆದ ವರ್ಷ ಪೇಟೆಗೆ ಮಿಸ್ ವೆಲ್ಮಾ ಎಂಬ ಮೇಷ್ಟರಮ್ಮ ಬಂದರು. ಪ್ರೊವಿಡೆನ್ಸಿಯಾ ದ್ವೀಪದವರು, ಅವರ ಮನೆಮಾತೇ ಇಂಗ್ಲಿಷ್. ಪ್ರತಿ ಶನಿವಾರ ಪಾಠ. ಹಿಂದೆ ಬರೆದದ್ದು ಏನಾದರೂ ಇದ್ದರೆ ತನ್ನಿ ಎಂದಾಗ ಜಂಬದಿಂದ ಆ ಟಿಪ್ಪಣಿಯ ಪ್ರತಿಯನ್ನೇ ಒಯ್ದೆ. ಅವರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಈ ಕಾಫಿ ಬೆಳೆದೋರ ಮೇಲೆ ನಿಂಗೇನಮ್ಮಾ ಅಷ್ಟು ಸಿಟ್ಟು?"

"ಸಿಟ್ಟಾ? ಅವಳು ನನ್ನ ಜೀವದ ಗೆಳತಿ, ಮಿಸ್."

"ಹಾಗಾದ್ರೆ ಮೊದಲು ಕೂತ್ಕೋ."

ಟೂ ಎಂದರೆ ತುಂಬಾ ಅಲ್ಲವಂತೆ, ನೊಯೆಮಿ. ಬೇಕಾದದ್ದಕ್ಕಿಂತ ಹೆಚ್ಚು, ಸಹಿಸಲಾಗದಷ್ಟು ಎಂದಂತೆ. ಹಾರ್ಡ್ಲಿ ಎಂದರೆ ಗಟ್ಟಿಯಾಗಿ ಅಲ್ಲ, ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಈ ಕಾಫಿ ಬಾಯಿಗಿಡಲಾಗದಷ್ಟು ಸಿಹಿ, ಇದು ನನಗೆ ಅಷ್ಟಕ್ಕಷ್ಟೇ. ನಾನು ಗೆರೆ ಎಳೆದು ಹೇಳಿದ್ದು ಇಷ್ಟು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಊರಿಗೆ ವಾಪಸು ಬರುವ ಜೀಪಿನಲ್ಲಿ ಮಾತ್ರ ಯಾರ ಮುಖವನ್ನೂ ನೋಡಲಾಗಲಿಲ್ಲ. ನಿನ್ನ ತೋಟದ ತಿರುವು ಬಂದಾಗ ಕಣ್ಣು ಮುಚ್ಚಿಕೊಂಡೆ.

ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲರ ಮುಂದೆ ಹೇಳಿದೆ. ಅಪ್ಪ ಮುಂದಿನ ಬೆಂಚಿನಲ್ಲೇ ಕೂತಿದ್ದರು. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, "ಅಂದ್ರೆ ಇಷ್ಟು ವರ್ಷ ಆ ಹುಡುಗಿ ಕುರ್ಚೀಲಿ ನಾನು ಕೂತಿದ್ದೆ ಅನ್ನು" ಎಂದರು. ಬೈಯಲಿಲ್ಲ. ಕೊಯ್ಲು ಶುರುವಾದಾಗ ಬುಟ್ಟಿ ಕಟ್ಟಿಕೊಂಡು ನಿನ್ನ ಗಿಡಗಳತ್ತ ನಡೆದರು. ನೀನು ಹೋದಮೇಲೆ ತೋಟ ನೋಡಿಕೊಳ್ಳುತ್ತಿರುವ ಆರ್ಸೆಸಿಯೊನ ಜೊತೆ ನಿಂತು ಕೆಂಪು ಹಣ್ಣನ್ನಷ್ಟೇ ಒಂದೊಂದಾಗಿ ಬಿಡಿಸಿದರು. ಎಪ್ಪತ್ತೊಂದು ವರ್ಷ ಅವರಿಗೆ. "ಸೊಂಟ ನೋಯಲ್ವಾ?" ಎಂದರೆ "ನೋಯ್ಲಿ ಬಿಡು" ಎಂದರು.

ಹಾರ್‌ಗ್ರೀವ್ಸ್‌ಗೆ ನಾನು ಬರೆದ ಕ್ಷಮೆಯ ಪತ್ರವನ್ನು ಮಿಸ್ ವೆಲ್ಮಾ ನಾಲ್ಕು ಸಲ ತಿದ್ದಿಸಿದರು. ಜನವರಿಯಲ್ಲಿ ಆತನೇ ಬಂದ. ಮೇಜಿನ ಮೇಲೆ ಹೆಸರಿಲ್ಲದ ಆರು ಬಟ್ಟಲು. ಒಂದನ್ನು ಹೀರಿ ‘ಕ್ವೈಟ್ ನೈಸ್’ ಎಂದ. ಕ್ವೈಟ್ ಎಂಬ ಪದ ಇಂಗ್ಲೆಂಡಿನವರ ಬಾಯಲ್ಲಿ ಬಂದರೆ ಪರವಾಗಿಲ್ಲ ಎಂದಷ್ಟೇ ಎಂದು ಮಿಸ್ ವೆಲ್ಮಾ ಎಚ್ಚರಿಸಿದ್ದರಿಂದ ನಾನು ಹಿಗ್ಗಲಿಲ್ಲ. ಅದು ಅಪ್ಪನದು. ಐದನೆಯದನ್ನು ಹೀರಿ ಮತ್ತೊಮ್ಮೆ ಚಮಚ ಅದ್ದಿದ, ಆಮೇಲೆ ಮೆಲ್ಲಗೆ ‘ರ್ಯಾದರ್ ಲವ್ಲಿ’ ಎಂದ. ಅವರು ಮನಸಾರೆ ಮೆಚ್ಚಿದಾಗ ಇಷ್ಟೇ ಸಣ್ಣ ದನಿಯಲ್ಲಿ ಹೇಳುತ್ತಾರಂತೆ. ಅದು ನಿನ್ನದು. ನನ್ನ ಆಯ್ಕೆ ಯಾವುದು ಎಂದು ನನ್ನತ್ತ ತಿರುಗಿದ. ಒಂದೊಂದೇ ಪದ ತೂಗಿ ಹೇಳಿದೆ. ಆತ ಪುಸ್ತಕ ತೆರೆದು ನಿನ್ನ ಹೆಸರಿನ ಅಕ್ಷರಗಳನ್ನು ಕೇಳಿ ಬರೆದುಕೊಂಡ. ಚೀಲಗಳ ಮೇಲೆ ಈ ಸಲ ನಿನ್ನ ಹೆಸರಿರುತ್ತದೆ.

ಇದರಿಂದ ಕಳೆದ ವರ್ಷಗಳು ಮರಳಿ ಬರುವುದಿಲ್ಲ, ಗೊತ್ತು. ಅಲ್ಲಿ ನಿನಗೊಂದು ಬದುಕಿದೆ, ಬೆಳಿಗ್ಗೆ ನಿನ್ನ ಬ್ರೆಡ್ಡಿಗೆ ಜನ ಸಾಲು ನಿಲ್ಲುತ್ತಾರಂತೆ. ಹಾಗಾಗಿ ಬಾ ಎಂದು ಬರೆಯುವ ಹಕ್ಕು ನನಗಿಲ್ಲ. ಆದರೆ ಇನ್ನೊಬ್ಬರು ಹೀಗೆ ಮಾಡಿದರೆ ನನಗೆ ಸಂತೋಷ ಎನ್ನುವಾಗ ಇಂಗ್ಲಿಷಿನಲ್ಲಿ ಮುಂದೆ ಆಗಬೇಕಾದದ್ದನ್ನೂ ಭೂತಕಾಲದಲ್ಲಿ ಹೇಳುತ್ತಾರಂತೆ. ಯಾಕೆ ಹಾಗೆ ಎಂದು ಕೇಳಿದೆ. "ಒತ್ತಾಯ ಮಾಡಬಾರದು ನೋಡು, ಅದಕ್ಕೆ ಒಂದು ಹೆಜ್ಜೆ ಹಿಂದೆ ನಿಂತು ಕೇಳ್ತೀವಿ" ಎಂದರು ಮಿಸ್ ವೆಲ್ಮಾ. ನಾನೂ ಹಾಗೆ ನಿಂತೇ ಕೇಳುತ್ತಿದ್ದೇನೆ. ಸಾನ್ ಪೆದ್ರೊ ಹಬ್ಬಕ್ಕೆ ನೀನು ಬಂದಿದ್ದರೆ ಚೆನ್ನಾಗಿತ್ತು, ಈ ಜೂನಿನಲ್ಲಿ.

ನಿನ್ನ
ದೆಯಾನಿರಾ

ತಾ.ಕ.: ಬರೆದದ್ದನ್ನು ಮತ್ತೆ ಓದಿದೆ. ತಪ್ಪನ್ನೆಲ್ಲ ಎರಡು ಪದಗಳ ತಲೆಗೆ ಕಟ್ಟಿ ಜಾರಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಟಿಪ್ಪಣಿ ತಲುಪಿದ ಮೇಲೆ ಹಾರ್‌ಗ್ರೀವ್ಸ್ ನಿನ್ನ ಕಾಫಿಯ ಬಗ್ಗೆ ಒಂದು ಸಾಲು ಬರೆದು ಕೇಳಿದ್ದ: ಐದನೆಯ ಮಾದರಿಗೆ ನೀವು ಟೂ ಎಂದಿದ್ದೀರಿ, ವೆರಿ ಎನ್ನಲು ಹೊರಟಿದ್ದಿರೇ? ಎರಡಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಆದರೆ ಏನೋ ವ್ಯತ್ಯಾಸ ಇದೆ ಎನ್ನುವುದು ಆ ಕ್ಷಣವೇ ಗೊತ್ತಾಯಿತು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಬಲ್ಲ ಸಿಸ್ಟರ್ ಎಸ್ಪೆರಾನ್ಸಾರನ್ನು ಕೇಳಬಹುದಿತ್ತು, ಹತ್ತು ನಿಮಿಷದ ದಾರಿ. ದೆಯಾನಿರಾಗೆ ಇಂಗ್ಲಿಷ್ ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೋಗಲಿಲ್ಲ. ನಾನು ಬರೆದದ್ದೇ ಸರಿ ಎಂದು ಉತ್ತರ ಕಳಿಸಿದೆ. ಇದನ್ನು ಸಭೆಯಲ್ಲಿ ಹೇಳಲಿಲ್ಲ, ಅಪ್ಪನಿಗೂ ಹೇಳಿಲ್ಲ. ಮೊದಲು ನಿನಗೆ ತಿಳಿಯಲಿ.