ಚೋಟಿಯ ಎರಡು ವಯಸ್ಸು

೧೪ ಮಾರ್ಚ್, ಭಾನುವಾರ ಮಧ್ಯಾಹ್ನ

ಅಮ್ಮಾ,

ಸಿಟ್ಟು ಬಂದರೆ ನೀನು ಕಾಗದ ಹರಿಯುವವಳಲ್ಲ, ಒಡೆಯದೆ ಡಬ್ಬಿಯಲ್ಲಿ ಇಡುವವಳು. ಇದನ್ನು ಮಾತ್ರ ಓದು. ಫೋನು ಮಾಡಬಹುದಿತ್ತು, ನಿಜ. ಆದರೆ ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದ್ದು ಬಿಟ್ಟು ಊಟ ಆಯಿತಾ ಎಂದು ಕೇಳುತ್ತೇನೆ. ಆಮೇಲೆ ಇಬ್ಬರೂ ಬಿಸಿಲಿನ ಬಗ್ಗೆ ಎರಡು ಮಾತಾಡಿ ಇಟ್ಟುಬಿಡುತ್ತೇವೆ.

ಮೊದಲು ಮಗುವಿನ ವಿಷಯ. ಚೋಟಿ ಆರಾಮಾಗಿದ್ದಾಳೆ ಎಂದು ಬರೆಯಲು ಹೊರಟೆ, ಕೈ ತಡೆಯಿತು. ಶುಕ್ರವಾರ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆ. ಒಂದು ತಿಂಗಳಿಂದ ತೂಕ ನಿಂತಲ್ಲೇ ನಿಂತಿದೆಯಂತೆ. ರಕ್ತವೂ ಕಡಿಮೆಯಾಗಿದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ತಾಯಿಯ ಹೊಟ್ಟೆಯಿಂದ ಕಬ್ಬಿಣದ ಅಂಶವನ್ನು ಸಾಕಷ್ಟು ತಂದಿರುವುದಿಲ್ಲ, ಒಂಬತ್ತೂವರೆ ತಿಂಗಳಿಗೆ ಹಾಲೊಂದೇ ಸಾಲದು ಎಂದರು ಡಾಕ್ಟರಮ್ಮ. ಊಟ ಯಾವಾಗ ಶುರು ಮಾಡಿದಿರಿ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಅವತ್ತಿನ ಜಗಳ ನಿನಗೆ ನೆನಪಿಸಬೇಕಿಲ್ಲ. ನೀನು ಒಂದು ಕ್ಯಾರೆಟ್ ಬೇಯಿಸಿ, ನುಣ್ಣಗೆ ಮಸೆದು, ಚಮಚದ ತುದಿಯಲ್ಲಿ ಅವಳ ಬಾಯಿಗಿಟ್ಟಿದ್ದೆ. ನಾನು ಸ್ನಾನ ಮುಗಿಸಿ ಬಂದವಳೇ ಚಮಚ ಕಿತ್ತುಕೊಂಡೆ. "ನಾನು ಊಟ ಮಾಡೋವಾಗೆಲ್ಲ ಬಾಯಿ ಬಿಡ್ತಾಳೆ ಕಣೇ, ಕತ್ತೂ ಗಟ್ಟಿಯಾಗಿದೆ, ಕೊಡದೆ ಇರೋಕೆ ಮನಸ್ಸು ಬರ್ಲಿಲ್ಲ" ಅಂದೆ ನೀನು. ನಾನು ಗೋಡೆಯ ಮೇಲಿನ ಪಟ್ಟಿಯನ್ನು ತೋರಿಸಿದೆ. ಹುಟ್ಟಿದ ದಿನದಿಂದ ಒಂದು ವಯಸ್ಸು, ಹುಟ್ಟಬೇಕಿದ್ದ ದಿನದಿಂದ ಇನ್ನೊಂದು, ನಡುವೆ ಹತ್ತು ವಾರ. ಊಟದ ದಿನ ಇನ್ನೂ ಬಂದಿಲ್ಲ, ನನ್ನ ಮಗುವನ್ನು ಕೊಲ್ಲಲು ಬಂದಿದ್ದೀಯಾ ಎಂದು ಕೂಗಿದೆ. ಮಾರನೆಯ ದಿನ ನೀನು ಚೀಲ ಕಟ್ಟಿದೆ. ನಾನು ಬಸ್ ನಿಲ್ದಾಣದವರೆಗೂ ಬರಲಿಲ್ಲ.

ಊಟ ಶುರು ಮಾಡಲೆಂದು ಆಸ್ಪತ್ರೆಯವರು ಅವಳ ಕಾರ್ಡಿನಲ್ಲಿ ಬರೆದ ದಿನಾಂಕಕ್ಕೆ ಆ ಹತ್ತು ವಾರವನ್ನು ಆಗಲೇ ಸೇರಿಸಿದ್ದರಂತೆ, ಅಮ್ಮಾ. ನಾನು ಮನೆಗೆ ಬಂದು ಮತ್ತೆ ಹತ್ತು ವಾರ ಸೇರಿಸಿದೆ. ಹದಿಮೂರು ವರ್ಷದಿಂದ ಬಟ್ಟೆ ಕತ್ತರಿಸುವವಳು ನಾನು. ಹೊಲಿಗೆಗೆಂದು ಅಂಚು ಬಿಟ್ಟ ಅಳತೆಗೆ ಮತ್ತೊಮ್ಮೆ ಅಂಚು ಬಿಟ್ಟು ಕತ್ತರಿಸುವ ಹೊಸಬರನ್ನು ಎಷ್ಟು ಬೈದಿಲ್ಲ! ನೀನು ಕ್ಯಾರೆಟ್ ಕೊಟ್ಟ ದಿನಕ್ಕೆ ಕಾರ್ಡಿನ ದಿನಾಂಕ ದಾಟಿ ನಾಲ್ಕು ದಿನವಾಗಿತ್ತು. ನೀನು ಕಾರ್ಡು ನೋಡಲಿಲ್ಲ, ಮಗುವನ್ನು ನೋಡಿ ಕೊಟ್ಟೆ.

ತಪ್ಪೆಲ್ಲ ಲೆಕ್ಕದ್ದು ಎಂದು ಇಲ್ಲಿಗೇ ಮುಗಿಸಬಹುದು. ಆದರೆ ಅಷ್ಟೇ ಅಲ್ಲ. ಅವಳು ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಮೊದಲ ಹನ್ನೊಂದು ದಿನ ನಾನು ಅವಳನ್ನು ಎತ್ತಿಕೊಂಡಿರಲಿಲ್ಲ. ಒರೆಸುವುದು ನರ್ಸ್, ಔಷಧಿ ಕೊಡುವುದು ನರ್ಸ್, ಉಸಿರಾಡಿಸುವುದು ಯಂತ್ರ. ನನ್ನದು ಅಂತ ಇದ್ದದ್ದು ಹಾಲು ಮಾತ್ರ. ಮೊದಲ ದಿನ ಬಂದದ್ದು ಸಿರಿಂಜಿನ ತಳ ಒದ್ದೆಯಾಗುವಷ್ಟು. ನರ್ಸ್ ಅದನ್ನೇ ಹತ್ತಿಯಲ್ಲಿ ಅವಳ ತುಟಿಗೆ ಸವರಿ, "ಇದೇ ಔಷಧಿ ಕಣಮ್ಮಾ, ಒಂದು ಹನೀನೂ ಚೆಲ್ಬೇಡ" ಅಂದರು. ಆಮೇಲೆ ಏಳು ವಾರ, ಮೂರು ಗಂಟೆಗೊಮ್ಮೆ, ಆ ಕಿಟಕಿಯಿಲ್ಲದ ಕೋಣೆಯಲ್ಲಿ ಪಂಪು ಹಚ್ಚಿಕೊಂಡು ಕೂತೆ. ಅವಳ ಮೂಗಿನ ನಳಿಕೆಯಲ್ಲಿ ಇಳಿದದ್ದೆಲ್ಲ ನನ್ನದು. ಅವತ್ತು ನಿನ್ನ ಚಮಚ ನೋಡಿ ಅವಳು ನಕ್ಕಳು, ಕಿತ್ತಳೆ ಬಣ್ಣದ ಬಾಯಿಯನ್ನು ಮತ್ತೆ ತೆರೆದಳು. ನನಗೆ ಹೊಟ್ಟೆ ಉರಿಯಿತು. ಹೆತ್ತ ತಾಯಿಯ ಮೇಲೆ!

ಮನೆ ಬಿಕೋ ಎನ್ನುತ್ತಿದೆ. ಇವರ ಹಡಗು ಬರಲು ಇನ್ನೂ ಎರಡು ತಿಂಗಳು. ವಾರಕ್ಕೊಮ್ಮೆ ಫೋನು ಬಂದಾಗ ಎಲ್ಲ ಸರಿಯಾಗಿದೆ ಎನ್ನುತ್ತೇನೆ. ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದಾದರೆ, ಸದ್ಯ ಯಾರೋ ಇದ್ದಾರಲ್ಲ ಎಂದು ಸಮಾಧಾನ ಪಡುತ್ತೇನೆ. ನಿನ್ನೆ ತರಕಾರಿಯವನು ಇನ್ನೇನಾದರೂ ಬೇಕಾ ಎಂದು ಕೇಳಿದ. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಪಾಪ, ಅವನು ಗಾಬರಿಬಿದ್ದು ಎರಡು ಆಲೂಗಡ್ಡೆ ಜಾಸ್ತಿ ಹಾಕಿದ.

ಆ ಆಲೂಗಡ್ಡೆಯಿಂದಲೇ ಊಟ ಶುರು ಮಾಡಿದ್ದೇನೆ. ನಾನು ಚಮಚ ಹಿಡಿದರೆ ಚೋಟಿ ತುಟಿ ಬಿಗಿದು ಮುಖ ತಿರುಗಿಸುತ್ತಾಳೆ. ನಿನಗೆ ತೆರೆದ ಬಾಯಿಯನ್ನು ನನಗೆ ತೆರೆಯುತ್ತಿಲ್ಲ. ಹೇಗೆ ಕೊಡಬೇಕೋ ನನಗೆ ಗೊತ್ತಾಗುತ್ತಿಲ್ಲ. ಬಂದುಬಿಡು ಅಮ್ಮಾ.

ನಿನ್ನ ಹಠಮಾರಿ ಮಗಳು

ತಾ.ಕ.: ಲೆಕ್ಕ ತಪ್ಪಿದ್ದು ಶುಕ್ರವಾರವಷ್ಟೇ ತಿಳಿಯಿತು ಎಂಬ ಹಾಗೆ ಬರೆದಿದ್ದೇನೆ. ಸುಳ್ಳು. ನೀನು ಹೋದ ಮೂರನೆಯ ದಿನ ಕಾರ್ಡು ತಿರುಗಿಸಿ ನೋಡಿದ್ದೆ, ಹಿಂದುಗಡೆ ಎಲ್ಲ ಸ್ಪಷ್ಟವಾಗಿ ಬರೆದಿತ್ತು. ಆಮೇಲೂ ಐದು ವಾರ ಅವಳಿಗೆ ಹಾಲು ಬಿಟ್ಟು ಏನೂ ಕೊಡಲಿಲ್ಲ. ಕೊಟ್ಟಿದ್ದರೆ ನೀನು ಸರಿ ಎಂದಾಗುತ್ತಿತ್ತು. ಇದನ್ನು ಡಾಕ್ಟರಮ್ಮನಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಇಷ್ಟು ಓದಿದ ಮೇಲೆ ನನ್ನ ಮುಖ ನೋಡುವುದು ಬೇಡವೆನ್ನಿಸಿದರೆ ನೋಡಬೇಡ. ಅವಳಿಗೆ ಉಣಿಸಲು ಬಾ.